ಹತ್ತು ಪಟ್ಟುಗಳು ಬೇಡ, ಎರಡು ಸಾಕು

ಮಾನ್ಯರೇ,

ಆತ್ಮರಕ್ಷಣೆ ತರಗತಿಯಲ್ಲಿ ಒಂದೇ ದಿನ ಹತ್ತಾರು ಪಟ್ಟುಗಳನ್ನು ತೋರಿಸಿಬಿಡುತ್ತಾರೆ. ಮನೆಗೆ ಬರುವಷ್ಟರಲ್ಲಿ ಒಂದೂ ನೆನಪಿರುವುದಿಲ್ಲ. ಎರಡೇ ಕಲಿಸಲಿ, ಆದರೆ ಕೈಗೆ ಹತ್ತುವ ತನಕ ಮಾಡಿಸಲಿ. ಯಾರಾದರೂ ಮಣಿಕಟ್ಟು ಹಿಡಿದರೆ ಸುಮ್ನೆ ಹಿಂದಕ್ಕೆ ಎಳೆದಾಡಿ ಪ್ರಯೋಜನವಿಲ್ಲ. ಅವರ ಹೆಬ್ಬೆರಳಿನ ಕಡೆ ಹಿಡಿತ ಸಡಿಲ. ಕೈ ತಿರುಗಿಸಿ ಅಲ್ಲಿಂದಲೇ ಜಾರಿಸಬೇಕು. ಇದು ನೋಡಿ ಕಲಿಯುವ ವಿದ್ಯೆಯಲ್ಲ. ಜೊತೆಗಾರರು ಮೊದಲು ಮೆಲ್ಲಗೆ, ಆಮೇಲೆ ಬಿಗಿಯಾಗಿ, ಕೊನೆಗೆ ಯಾವ ಕೈ ಎಂದು ಹೇಳದೆ ಹಿಡಿಯಬೇಕು. ನೋವಾಗಿ ‘ಸಾಕು’ ಎಂದು ಕೈಯಿಂದ ತಟ್ಟಿದ ಕೂಡಲೇ ಹಿಡಿತ ಬಿಡುವ ನಿಯಮ ಮೊದಲ ದಿನವೇ ಬೇಕು. ಮುಟ್ಟುವ ಮುನ್ನ ಕೇಳುವುದೂ ಪಾಠವೇ ಅಲ್ವಾ? ಬಿಡಿಸಿಕೊಂಡ ಮೇಲೆ ಓಡುವುದನ್ನು, ಜೋರಾಗಿ ಕೂಗುವುದನ್ನು ಕೂಡ ಮಾಡಿಸಬೇಕು. ಮೊದಲ ಸಲ ಕೂಗಲು ಹೋದಾಗ ನನಗೆ ಸ್ವರವೇ ಹೊರಡಲಿಲ್ಲ!

– ಒಬ್ಬ ಓದುಗಿ