ನಿನ್ನ ದೇವರುಗಳಿಗೆ ಊರು ಕೊಡು

ಪ್ರೀತಿಯ ತಮ್ಮನಿಗೆ,

ಈಜಿಪ್ಟಿನ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ಪ್ರಕಾಶಕರು ವಾಪಸು ಕಳಿಸಿದ್ದಕ್ಕೆ ಬರೆಯುವುದನ್ನೇ ಬಿಡುತ್ತೇನೆ ಎಂದಿದ್ದೀಯ. ಬೇಡ. ಸಮಾಧಿಯ ದೂಳಿಗೆ ಕಣ್ಣು ಕೆಂಪಾಗಿಸಿಕೊಂಡು ಹೊರಬರುವ ಆ ಕಲ್ಲುಕುಟಿಗನನ್ನು ಬರೆದವನು ಸುಮ್ಮನೆ ಕೂರಬಾರದು. ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶನಕ್ಕೆ ಕಳಿಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಯಾರಾದರೂ ಹೇಳುತ್ತಾರೆ. ನನ್ನ ತಕರಾರು ನಿನ್ನ ದೇವರುಗಳ ಬಗ್ಗೆ.

ಥೋತ್ ವಿದ್ಯೆಯ ದೇವರು, ಬಾಸ್ಟೆಟ್ ಬೆಕ್ಕಿನ ದೇವತೆ, ಪ್ತಾಹ್ ಕುಶಲಕರ್ಮಿಗಳ ದೇವರು. ಮಂತ್ರಿಗಳಿಗೆ ಖಾತೆ ಹಂಚಿದ ಹಾಗೆ ಹಂಚಿಬಿಟ್ಟಿದ್ದೀಯ. ನಮ್ಮಲ್ಲಿ ಇದು ಹಳೆಯ ಚಾಳಿ. ‘ಈಜಿಪ್ಟಿನ ಸರಸ್ವತಿ’, ‘ಈಜಿಪ್ಟಿನ ಯಮ’ ಎಂದು ಬರೆದು ಮುಗಿಸಿದ ಲೇಖನಗಳನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬಾಸ್ಟೆಟ್ ಬುಬಾಸ್ಟಿಸ್ ಊರಿನವಳು, ಪ್ತಾಹ್ ಮೆಂಫಿಸ್‌ನವನು, ನೇಯ್ತ್ ಸಾಯಿಸ್‌ನವಳು. ಅವರನ್ನು ಮೊದಲು ಅವರವರ ಊರಲ್ಲಿ ನಿಲ್ಲಿಸು. ಕಸುಬು ಆಮೇಲೆ.

ಊರು ಎಷ್ಟು ಮುಖ್ಯ ಎನ್ನುವುದಕ್ಕೆ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಪಪೈರಸ್, ಅಂದರೆ ಜೊಂಡಿನ ಹಾಳೆಯ ಬರಹ, ನೋಡು. ಈಜಿಪ್ಟಿನ ಇಪ್ಪತ್ತನೆಯ ರಾಜವಂಶದ ಕಾಲದ್ದು, ಮೂರು ಸಾವಿರ ವರ್ಷಕ್ಕೂ ಹಳೆಯದು. ಉಗ್ರಾಣದ ಕಾವಲುಗಾರನೊಬ್ಬನ ಐದು ಅಂಗಿಗಳು ಕಳುವಾಗುತ್ತವೆ. ಅವನು ತನ್ನ ಕಡೆಯ ಅಮುನ್ ದೇವರ ಮೊರೆ ಹೋಗುತ್ತಾನೆ. ಊರವರ ಹೆಸರು ಓದುತ್ತಾ ಹೋದಾಗ ಒಬ್ಬ ರೈತನ ಹೆಸರಿಗೆ ದೇವರು, ಅಂದರೆ ಹೊತ್ತು ತಂದ ಮೂರ್ತಿ, ಹೌದೆಂದು ತಲೆಯಾಡಿಸುತ್ತಾನೆ. ರೈತ ಒಪ್ಪುವುದಿಲ್ಲ, ಇನ್ನೊಂದು ಕಡೆಯ ಅಮುನ್ ಹತ್ತಿರ ಹೋಗುತ್ತಾನೆ. ಅಲ್ಲೂ ಅದೇ ತೀರ್ಪು. ಮೂರನೆಯ ಅಮುನ್ ಬಳಿಯೂ ಬಿಡುಗಡೆಯಿಲ್ಲ. ಕಡೆಗೆ ಒಪ್ಪಿಕೊಳ್ಳುತ್ತಾನೆ. ಹೆಸರು ಒಂದೇ, ಆದರೆ ಆ ರೈತನ ಪಾಲಿಗೆ ಇವರು ಬೇರೆ ಬೇರೆ ದೇವರು. ಒಬ್ಬ ಕೈಬಿಟ್ಟರೆ ಇನ್ನೊಬ್ಬ ಕಾಯ್ದಾನು ಎಂಬ ಆಸೆ. ನಿನ್ನ ಮುನ್ನೂರು ಪುಟದಲ್ಲಿ ಅಂಥ ಆಸೆ ಒಂದೂ ಇಲ್ಲವಲ್ಲ!

ನಿನ್ನ ಕಲ್ಲುಕುಟಿಗ ದೇರ್ ಎಲ್-ಮದೀನಾದವನು. ಇಂದಿನ ಲಕ್ಸರ್ ಎದುರು, ನೈಲ್‌ನ ಪಶ್ಚಿಮಕ್ಕೆ, ರಾಜರ ಸಮಾಧಿ ಕೊರೆಯುವವರಿಗೆಂದೇ ಇದ್ದ ಹಳ್ಳಿ; ಸುಮಾರು 70 ಮನೆ. ಅವನನ್ನು ಕರ್ನಾಕ್ ದೇವಾಲಯದ ಗರ್ಭಗುಡಿಗೆ ಕರೆದೊಯ್ದಿದ್ದೀಯ. ಸಾಮಾನ್ಯನಿಗೆ ಅಲ್ಲಿ ಪ್ರವೇಶವಿಲ್ಲ. ಅವನ ದೇವರುಗಳು ಹಳ್ಳಿಯಲ್ಲೇ ಇದ್ದರು: ಸತ್ತು ಮುನ್ನೂರು ವರ್ಷವಾದರೂ ಊರು ಕಾಯುತ್ತಿದ್ದ ದೊರೆ ಒಂದನೇ ಅಮೆನ್‌ಹೋಟೆಪ್, ಅವನ ತಾಯಿ ಅಹ್ಮೋಸ್-ನೆಫೆರ್ತಾರಿ, ಬೆಟ್ಟದ ತುದಿಯಲ್ಲಿ ಹಾವಾಗಿ ನೆಲೆಸಿದ ದೇವತೆ ಮೆರೆತ್ಸೆಗೆರ್. ಹೆರಿಗೆಗೆ ತಾವೆರೆಟ್ ಮತ್ತು ಬೆಸ್.

ಮತ್ತೆ, ಕಾಯುವ ದೇವರು ಕಾಡುತ್ತಲೂ ಇತ್ತು. ಇದನ್ನು ನೀನು ಬರೆಯಲು ಹಿಂಜರಿದಿದ್ದೀಯ, ನನಗೆ ಬೇಸರವಾದದ್ದು ಇಲ್ಲೇ. ಅದೇ ಹಳ್ಳಿಯ ನೆಫೆರಾಬು ಎಂಬವನು ಎರಡು ಕಲ್ಲುಗಳನ್ನು ಕೆತ್ತಿಸಿದ. ಒಂದರಲ್ಲಿ, ಪ್ತಾಹ್ ಹೆಸರಲ್ಲಿ ಸುಳ್ಳು ಆಣೆಯಿಟ್ಟೆ, ಹಗಲಲ್ಲೇ ಕತ್ತಲೆ ಕಾಣುವ ಹಾಗಾಯಿತು ಎನ್ನುತ್ತಾನೆ. ಇನ್ನೊಂದರಲ್ಲಿ, ಬೆಟ್ಟದ ದೇವತೆ ಸಿಂಹದಂತೆ ಎರಗುತ್ತಾಳೆ, ಎಚ್ಚರ ಎನ್ನುತ್ತಾನೆ. ಬೇಡಿಕೊಂಡ ಮೇಲೆ ಅವಳೇ ತಂಗಾಳಿಯಾಗಿ ಬಂದಳು ಎಂದೂ ಹೇಳುತ್ತಾನೆ. ತನ್ನ ತಪ್ಪನ್ನು ಕಲ್ಲಿನಲ್ಲಿ ಕೆತ್ತಿಸಿ, ಎಲ್ಲರೂ ಓದುವಂತೆ ನಿಲ್ಲಿಸಿದ ಮನುಷ್ಯ! ನಿನ್ನ ನಾಯಕನ ಪ್ರಾರ್ಥನೆಯಲ್ಲಿ ಬರೀ ಸ್ತುತಿಯಿದೆ. ಅವನು ದೇವರಿಂದ ಏನನ್ನು ಮುಚ್ಚಿಡುತ್ತಿದ್ದಾನೆ, ಯಾಕೆ ಹೆದರಿದ್ದಾನೆ ಎಂಬುದನ್ನು ಪ್ರಾಮಾಣಿಕವಾಗಿ ಬರೆ.

ಕಾದಂಬರಿಯಲ್ಲಿ ಮೆಸಪೊಟೇಮಿಯದ (ಇಂದಿನ ಇರಾಕ್ ಕಡೆಯ) ಭಾಗ ಚಿಕ್ಕದು, ಅಲ್ಲಿ ಒಂದೇ ತಿದ್ದುಪಡಿ. ಸುಮೇರಿಯನ್ ಲಿಪಿಕಾರನ ಬಾಯಲ್ಲಿ ನಬೂ ದೇವರ ಹೆಸರು ಬೇಡ. ಆಗ ಲಿಪಿಕಾರರನ್ನು ಕಾಯುತ್ತಿದ್ದವಳು ನಿಸಬಾ ದೇವತೆ; ಎಷ್ಟೋ ಕೃತಿಗಳು ಅವಳ ಸ್ತುತಿಯಿಂದಲೇ ಮುಗಿಯುತ್ತವೆ. ಬೋರ್ಸಿಪ್ಪ ಊರಿನ ನಬೂ ಆ ಜಾಗಕ್ಕೆ ಬಂದದ್ದು ಬಹಳ ಕಾಲದ ನಂತರ, ಬ್ಯಾಬಿಲೋನಿನ ಬಲ ಬೆಳೆದ ಮೇಲೆ.

ಈಗ ಏಳನೇ ಅಧ್ಯಾಯ ತೆಗೆದುಕೊ. ದೇವರು ಮಾತಾಡುವ ದೃಶ್ಯ ಹೊಡೆದುಹಾಕು, ಅಶರೀರವಾಣಿ ಬೇಡ. ಹಬ್ಬದ ದಿನ ಅಮೆನ್‌ಹೋಟೆಪ್‌ನ ಮೂರ್ತಿ ಹೊರಗೆ ಬರಲಿ. ಹೊರುವವರು ಪೂಜಾರಿಯ ಸರದಿ ಹೊತ್ತ ಅದೇ ಹಳ್ಳಿಯ ಕೆಲಸಗಾರರು. ಮಡಕೆಚೂರು ಅಥವಾ ಸುಣ್ಣಕಲ್ಲಿನ ಚಕ್ಕೆಯ ಮೇಲೆ ಒಂದು ಸಾಲಿನ ಪ್ರಶ್ನೆ: ಕದ್ದವನು ಇವನೇ? ಅದನ್ನು ಮೂರ್ತಿಯ ಮುಂದೆ ಇಡುತ್ತಾರೆ. ಮೂರ್ತಿ ಮುಂದೆ ಬಂದರೆ ಹೌದು, ಹಿಂದೆ ಸರಿದರೆ ಅಲ್ಲ. ಹೊರುವವರಲ್ಲಿ ಒಬ್ಬ ಆಪಾದಿತನ ಭಾವಮೈದ ಆಗಿರಲಿ. ಅವನ ಹೆಗಲು ಮೊದಲು ಜರುಗಿತೋ, ದೇವರು ಜರುಗಿಸಿದನೋ ಎಂದು ನೀನು ತೀರ್ಪು ಕೊಡಬೇಡ. ಅವನಿಗೇ ಗೊತ್ತಾಗದ ಹಾಗೆ ಬರೆ. ಬರೆದು ಆ ಅಧ್ಯಾಯವೊಂದನ್ನೇ ನನಗೆ ಕಳಿಸು, ಇಡೀ ಕಟ್ಟು ಬೇಡ.

ಇಂತಿ,
ನಿನ್ನ ಹಿತೈಷಿ