ಲಿನಕ್ಸ್ ಕರ್ನಲ್ ದಾರಿ ತೋರಿಸಿದ ನಿಮಗೆ

ಸರ್, ಹೆಸರು ಹಾಕಬೇಡ ಅಂದಿದ್ದೀರಿ, ಹಾಕುವುದಿಲ್ಲ. ಆದರೆ ಥ್ಯಾಂಕ್ಸ್ ಹೇಳದೆ ಇರಲಾರೆ.

ಲಿನಕ್ಸ್ ಕರ್ನಲ್‌ಗೆ ನನ್ನ ಮೊದಲ ಪ್ಯಾಚ್, ಅಂದರೆ ಕೋಡ್ ತಿದ್ದುಪಡಿ, ಸೇರಿದೆ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಾಗ ನೀವು ದಪ್ಪ ಪುಸ್ತಕ ಕೊಡಲಿಲ್ಲ. ಕರ್ನಲ್ ಕೋಡ್‌ನ ಡ್ರೈವರ್ಸ್ ಫೋಲ್ಡರ್ ಒಳಗಿನ ಸ್ಟೇಜಿಂಗ್ ಅನ್ನುವ ಭಾಗ ತೋರಿಸಿದಿರಿ. ಇನ್ನೂ ಹದಕ್ಕೆ ಬರದ, ಹಾರ್ಡ್‌ವೇರ್ ನಡೆಸುವ ಡ್ರೈವರ್‌ಗಳು ಅಲ್ಲಿರುತ್ತವೆ. ಬಾಕಿ ಕೆಲಸವನ್ನು ಟುಡೂ ಫೈಲ್‌ನಲ್ಲೇ ಬರೆದಿರುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಕೋಡ್ ಶೈಲಿ ನೋಡಲು ಚೆಕ್‌ಪ್ಯಾಚ್, ಯಾರಿಗೆ ಕಳಿಸಬೇಕು ಅಂತ ತಿಳಿಯಲು ಗೆಟ್ ಮೇಂಟೇನರ್, ಕರ್ನಲ್ ಬೂಟ್ ಮಾಡಿ ನೋಡಲು ಕ್ಯೂಎಮು ಅನ್ನುವ ವರ್ಚುವಲ್ ಕಂಪ್ಯೂಟರ್, ಎಲ್ಲವನ್ನೂ ಪಕ್ಕದಲ್ಲಿ ಕೂತು ಹೇಳಿಕೊಟ್ಟಿರಿ.

ಜಾಸ್ತಿ ಮನಸ್ಸಿನಲ್ಲಿ ಉಳಿದಿರುವುದು ಕಮಿಟ್ ಸಂದೇಶದ, ಅಂದರೆ ಪ್ಯಾಚ್ ಜೊತೆ ಬರೆಯುವ ವಿವರಣೆಯ, ಪಾಠ. 'ಏನು ಬದಲಾಯಿತು ಅಂತ ಕೋಡೇ ಹೇಳುತ್ತೆ. ಯಾಕೆ ಅಂತ ನೀನು ಬರೆ' ಅಂದಿರಿ. ಕೊನೆಯಲ್ಲಿ ಸೈನ್ಡ್ ಆಫ್ ಬೈ ಸಾಲು ಹಾಕಿದರೆ, ಈ ಕೋಡ್ ಕೊಡುವ ಹಕ್ಕು ನನಗಿದೆ ಅಂತ ಮಾತು ಕೊಟ್ಟ ಹಾಗೆ. 2004ರಿಂದ ಈ ಪದ್ಧತಿ ಇದೆ ಅಂತ ನಿಮ್ಮಿಂದಲೇ ಗೊತ್ತಾಯಿತು.

ಪ್ಯಾಚ್ ತಿದ್ದಿ ವಿ2, ಅಂದರೆ ಎರಡನೇ ಆವೃತ್ತಿ, ಕಳಿಸುವುದು ಅಲ್ಲಿ ಮಾಮೂಲಿ ಅಂತ ಧೈರ್ಯ ತುಂಬಿದಿರಿ. ಆಫೀಸ್ ಮುಗಿಸಿ ಬಂದು ಇಷ್ಟು ಹೊತ್ತು ಯಾರು ಕೊಡುತ್ತಾರೆ ಸರ್? ಮುಂದಿನ ಪ್ಯಾಚ್ ಬರೆಯುತ್ತಿದ್ದೇನೆ. ಕಳಿಸುವ ಮುಂಚೆ ನಿಮಗೆ ತೋರಿಸುತ್ತೇನೆ.