ಜಾಕೆಟ್ ಸೀಟಿನಡಿ, ದಾರ ಎಂಜಿನ್ನಿನಲ್ಲಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನೆಂಟರ ಮಕ್ಕಳನ್ನು ಕರೆದುಕೊಂಡು ಹೊನ್ನಾವರದ ಬಳಿ ಶರಾವತಿಯಲ್ಲಿ ದೋಣಿವಿಹಾರಕ್ಕೆ ಹೋಗಿದ್ದೆ. ಹತ್ತುವಾಗ ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ದಡ ಬಿಟ್ಟು ಹತ್ತು ನಿಮಿಷವಾಗುವಷ್ಟರಲ್ಲಿ, ಸೆಕೆ ತಡೆಯಲಾರದೆಂದು ಕೆಲವರು, ಫೋಟೋದಲ್ಲಿ ಸೀರೆ ಕಾಣುವುದಿಲ್ಲವೆಂದು ಇನ್ನು ಕೆಲವರು ಅದನ್ನು ಬಿಚ್ಚಿ ಸೀಟಿನಡಿ ತುರುಕಿದರು. ನಮ್ಮ ಏಳು ವರ್ಷದ ಹುಡುಗಿಗೆ ಸಿಕ್ಕಿದ್ದು ದೊಡ್ಡವರ ಅಳತೆಯ ಜಾಕೆಟ್. ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿದರೆ ಅದು ಅವಳ ಕಿವಿಯವರೆಗೂ ಏರುತ್ತಿತ್ತು. ಮುರಿದ ಬಕಲಿನ ಜಾಗದಲ್ಲಿ ಪ್ಲಾಸ್ಟಿಕ್ ದಾರದ ಗಂಟಿತ್ತು. ಕೇಳಿದ್ದಕ್ಕೆ ದೋಣಿಯವರು, "ಇಲ್ಲಿ ಸೊಂಟಮಟ್ಟ ನೀರು ಮಾರಾಯ್ರೇ" ಎಂದು ನಕ್ಕರು.

ನೀರು ಶಾಂತವಾಗಿದೆ, ದಡ ಹತ್ತಿರದಲ್ಲಿದೆ ಎಂಬ ಧೈರ್ಯಕ್ಕೆ ನಾವು ಈಗಾಗಲೇ ಬಹಳ ಬೆಲೆ ತೆತ್ತಿದ್ದೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಮರಳುತ್ತಿದ್ದವರ ದೋಣಿ ಮಗುಚಿ 16 ಜನ ತೀರಿಕೊಂಡದ್ದನ್ನು ಈ ಜಿಲ್ಲೆಯವರು ಮರೆತಿರಲಾರರು. ಅದಾದರೂ ಸಮುದ್ರ ಎನ್ನೋಣ. 2024ರ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ, ಅಂದರೆ ಊರೊಳಗಿನ ಕೆರೆಯಲ್ಲಿ, ಪ್ರವಾಸಕ್ಕೆ ಬಂದಿದ್ದ 12 ಶಾಲಾ ಮಕ್ಕಳು ಮತ್ತು ಇಬ್ಬರು ಶಿಕ್ಷಕಿಯರು ಮುಳುಗಿದರು. ದೋಣಿ ಮಗುಚಿದ ಮೇಲೆ ಸೀಟಿನಡಿಯಿಂದ ಜಾಕೆಟ್ ಎಳೆದು, ತೋಳು ತೂರಿಸಿ, ಬಕಲ್ ಹಾಕಿಕೊಳ್ಳುವಷ್ಟು ಹೊತ್ತು ಯಾರಿಗೂ ಸಿಗುವುದಿಲ್ಲ. ಈಜು ಬಲ್ಲವರೂ ತಲೆಗೆ ಪೆಟ್ಟು ಬಿದ್ದರೆ ಈಜಲಾರರು.

ಜಾಕೆಟ್ಟಿನ ಮಾತನ್ನು ಎಲ್ಲರೂ ಆಡುತ್ತಾರೆ. ನಾನು ಬರೆಯಲು ಕುಳಿತದ್ದು ಅಷ್ಟೇ ಮುಖ್ಯವಾದ, ಆದರೆ ಯಾರ ಗಮನಕ್ಕೂ ಬಾರದ ಒಂದು ದಾರದ ವಿಷಯವಾಗಿ. ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನುಗಳಲ್ಲಿ, ನೀರಿನ ಮೇಲೆ ಸ್ಕೂಟರಿನಂತೆ ಓಡಿಸುವ ಜೆಟ್ ಸ್ಕೀಗಳಲ್ಲಿ ಟೆಲಿಫೋನ್ ವೈರಿನಂತೆ ಸುರುಳಿ ಸುತ್ತಿದ ಒಂದು ದಾರವಿರುತ್ತದೆ. ಹೆಚ್ಚಾಗಿ ಕೆಂಪು ಬಣ್ಣದ್ದು. ಅದರ ಒಂದು ತುದಿಯ ಕ್ಲಿಪ್ ಎಂಜಿನ್ನಿನ ಸ್ವಿಚ್ಚಿನಲ್ಲಿ, ಇನ್ನೊಂದು ತುದಿ ನಡೆಸುವವನ ಮಣಿಕಟ್ಟಿನಲ್ಲೋ ಜಾಕೆಟ್ಟಿನಲ್ಲೋ ಇರಬೇಕು. ಆತ ಆಯ ತಪ್ಪಿ ನೀರಿಗೆ ಬಿದ್ದರೆ ಕ್ಲಿಪ್ ಕಿತ್ತುಬಂದು ಎಂಜಿನ್ ತಕ್ಷಣ ನಿಲ್ಲುತ್ತದೆ. ಕಟ್ಟಿಕೊಳ್ಳದಿದ್ದರೆ ನಡೆಸುವವನಿಲ್ಲದ ದೋಣಿ ನೆಟ್ಟಗೆ ಹೋಗಿಬಿಡುತ್ತದೆ ಎಂದುಕೊಳ್ಳಬಾರದು. ದೋಣಿಯನ್ನು ನೂಕುವ ನೀರೊಳಗಿನ ಫ್ಯಾನ್ ತಿರುಗುವ ಸೆಳೆತಕ್ಕೆ ಎಂಜಿನ್ ಒಂದು ಬದಿಗೆ ಹೊರಳಿ, ದೋಣಿ ಬಿದ್ದವನ ಸುತ್ತಲೇ ಗಿರಕಿ ಹೊಡೆಯತೊಡಗುತ್ತದೆ. 2013ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಪ್ಯಾಡ್‌ಸ್ಟೋ ಎಂಬಲ್ಲಿ, ನಮ್ಮ ಅಳಿವೆಗಳಂಥದೇ ಒಂದು ನದೀಮುಖದಲ್ಲಿ, ವೇಗದ ದೋಣಿಯಿಂದ ಒಂದೇ ಕುಟುಂಬದ ಆರು ಮಂದಿ ಒಟ್ಟಿಗೆ ಹೊರಗೆಸೆಯಲ್ಪಟ್ಟರು. ದಾರವನ್ನು ಯಾರೂ ಕಟ್ಟಿಕೊಂಡಿರಲಿಲ್ಲ. ಸುತ್ತಿ ಬಂದ ಅದೇ ದೋಣಿ ತಂದೆಯನ್ನೂ ಎಂಟು ವರ್ಷದ ಮಗಳನ್ನೂ ಬಲಿ ತೆಗೆದುಕೊಂಡಿತು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕ ಮೋಟಾರು ದೋಣಿ ವೇಗವಾಗಿ ಓಡುವಾಗ ಈ ದಾರವನ್ನು ಕಟ್ಟಿಕೊಂಡಿರಲೇಬೇಕೆಂದು 2021ರ ಏಪ್ರಿಲ್ 1ರಿಂದ ಕಾನೂನೇ ಇದೆ.

ನಾವು ಹೋದ ದೋಣಿಯಲ್ಲೂ ಆ ದಾರವಿತ್ತು. ಕ್ಲಿಪ್ ಸ್ವಿಚ್ಚಿನಲ್ಲಿತ್ತು, ಉಳಿದ ದಾರವನ್ನು ಎಂಜಿನ್ನಿಗೇ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದರು.

ನಾಡದೋಣಿಯ ಮೀನುಗಾರರ ಅಡ್ಡಿ ನನಗೆ ಗೊತ್ತಿದೆ, ಅದರಲ್ಲಿ ಹುರುಳೂ ಇದೆ. ಬಲೆ ಎಳೆಯುವಾಗ ಅತ್ತಿತ್ತ ಓಡಾಡಬೇಕು. ಅಳಿವೆ ದಾಟುವಾಗ ಅಪ್ಪಿತಪ್ಪಿ ಕ್ಲಿಪ್ ಕಳಚಿ ಎಂಜಿನ್ ನಿಂತರೆ ಅಲೆ ದೋಣಿಯನ್ನೇ ಮಗುಚಬಹುದು. ಹಾಗಾಗಿ ಅವರ ಮೇಲೆ ದಂಡ ಹೇರುವ ಮುನ್ನ ಅವರ ಸಂಘಗಳೊಡನೆ ಕುಳಿತು ಮಾತಾಡಬೇಕು. ಆದರೆ ಚುಕ್ಕಾಣಿಯ ಬಳಿ ಕುಳಿತಲ್ಲೇ ಕುಳಿತು, ಟಿಕೆಟ್ ಕೊಟ್ಟ ಇಪ್ಪತ್ತು ಜನರನ್ನು ಸುತ್ತಾಡಿಸುವ ಪ್ರವಾಸಿ ದೋಣಿಯವರಿಗೆ ಈ ನೆಪವಿಲ್ಲ.

ಪರವಾನಗಿ ನೀಡುವ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ತಪಾಸಣೆಯ ದಿನ ಜಾಕೆಟ್ಟುಗಳನ್ನು ಎಣಿಸಿ ಸಹಿ ಹಾಕಿದರೆ ಸಾಲದು; ಬಕಲ್ ಹಾಕಿ ಎಳೆದು ನೋಡಬೇಕು, ಮಕ್ಕಳ ಅಳತೆಯವು ಬೇರೆಯಾಗಿ ಇವೆಯೇ ಎಂದು ಕೇಳಬೇಕು. ಎಂಜಿನ್ ಚಾಲೂ ಮಾಡಿಸಿ ದಾರ ಜಗ್ಗಿಸಬೇಕು. ನಿಲ್ಲದಿದ್ದರೆ ಅಂದೇ ಪರವಾನಗಿ ತಡೆಹಿಡಿಯಬೇಕು. ನಡೆಸುವವನು ದಾರದ ಸಮೇತ ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿದವರು ಎಂಜಿನ್ ಮತ್ತೆ ಚಾಲೂ ಮಾಡಿ ಅವನನ್ನು ಎತ್ತಿಕೊಳ್ಳಬೇಕಲ್ಲವೇ? ಅದಕ್ಕೊಂದು ಹೆಚ್ಚುವರಿ ಕ್ಲಿಪ್ ದೋಣಿಯಲ್ಲಿರಲಿ. ಡಿಸೆಂಬರ್ ರಜೆಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಕರಾವಳಿಗೆ ಸಾಲುಗಟ್ಟುವ ಮುನ್ನ ಒಮ್ಮೆಯಾದರೂ ಈ ತಪಾಸಣೆ ನಡೆಯಲಿ.

— ಒಬ್ಬ ಓದುಗ, ಹೊನ್ನಾವರ ತಾಲ್ಲೂಕು